ಬಂಡೆ ನೋಡುವ ಪ್ರವಾಸ: ಹಕ್ಕಿಯ ದೆಸೆಯಿಂದ ಉಳಿದ ಕಲ್ಲು

ರಾಮನಗರ: ಭಾನುವಾರದ ನಸುಕಿನಲ್ಲಿ ಬೆಂಗಳೂರಿನಿಂದ ಹೊರಡುವ ಟೆಂಪೊ ಟ್ರಾವೆಲರ್‌ಗಳಲ್ಲಿ ಕೆಲವು ಈಗ ದೇವಸ್ಥಾನಕ್ಕೂ ಹೋಗುವುದಿಲ್ಲ, ಜಲಪಾತಕ್ಕೂ ಹೋಗುವುದಿಲ್ಲ. ಹತ್ತು ಹನ್ನೆರಡು ಮಂದಿಯ ಪುಟ್ಟ ತಂಡ, ಜೊತೆಗೊಬ್ಬ ಮಾರ್ಗದರ್ಶಿ. ಅವರು ಹೊರಟಿರುವುದು ಕಲ್ಲು ನೋಡಲು. ಸೂರ್ಯೋದಯದ ಹೊತ್ತಿಗೆ ರಾಮದೇವರ ಬೆಟ್ಟ, ನಡುವೆ ಬಿಡದಿಯ ತಟ್ಟೆ ಇಡ್ಲಿ, ಬಿಸಿಲೇರುವ ಮೊದಲು ಮಾಗಡಿ ದಿಕ್ಕಿನ ಸಾವನದುರ್ಗ, ಸಂಜೆಗೆ ಮರಳಿ ಮನೆ. ಒಂದು ದಿನದಲ್ಲಿ ಮುಗಿಯುವ ಇಂತಹ ಮಾರ್ಗದರ್ಶಿತ ಪ್ರವಾಸಗಳು ಬೆಂಗಳೂರಿನ ಸುತ್ತ ಒಂದು ಸಣ್ಣ ಉದ್ಯಮವಾಗಿಯೇ ಬೆಳೆದಿವೆ.

ಕಲ್ಲು ನೋಡಲು ಹಣ ಕೊಡುವವರೂ ಇದ್ದಾರೆಯೇ ಎಂದು ಬೆಟ್ಟದ ತಪ್ಪಲಿನ ಹಿರಿಯರು ಅಚ್ಚರಿಪಟ್ಟರೆ ತಪ್ಪಿಲ್ಲ. ಅವರ ಕಾಲದಲ್ಲಿ ಈ ಬಂಡೆಗಳಿಗೆ ಬೆಲೆ ಇದ್ದದ್ದು ಒಡೆದಾಗ ಮಾತ್ರ. ಒಡೆಯದೆ ನಿಂತ ಬಂಡೆಗೂ ಬೆಲೆ ಬಂದಿರುವುದು ಹೊಸ ಸಂಗತಿ. ಆ ಬೆಲೆ ಯಾರ ಕೈ ಸೇರುತ್ತಿದೆ, ಬಂಡೆಯನ್ನು ಉಳಿಸಲು ಅದು ನೆರವಾಗುತ್ತಿದೆಯೇ ಎಂಬ ಪ್ರಶ್ನೆಗಳನ್ನು ಮಾತ್ರ ಕೇಳುವವರು ಕಡಿಮೆ.

ಊರಿನ ಹೆಸರು ಹೋಯಿತು, ಕಲ್ಲಿನದು ಉಳಿಯಿತು

ರಾಮನಗರದ ಬಂಡೆಗಳು ದೇಶಕ್ಕೆ ಪರಿಚಯವಾದದ್ದು 'ಶೋಲೆ' ಚಿತ್ರದಿಂದ. 1973ರ ಅಕ್ಟೋಬರಿನಲ್ಲಿ ಇಲ್ಲಿ ಚಿತ್ರೀಕರಣ ಆರಂಭವಾಯಿತು. 1975ರ ಆಗಸ್ಟ್ 15ರಂದು ಚಿತ್ರ ತೆರೆ ಕಂಡಿತು. ಐವತ್ತು ವರ್ಷ ಕಳೆದರೂ ಗಬ್ಬರ್‌ ಸಿಂಗನ ಅಡಗುತಾಣ ಯಾವುದು ಎಂದು ಕೇಳುವ ಪ್ರವಾಸಿಗರು ಕಡಿಮೆಯಾಗಿಲ್ಲ. ಡೇವಿಡ್ ಲೀನ್ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರಕ್ಕೆ ಬೇಕಾದ ಮರಬಾರ್ ಗುಹೆಗಳನ್ನು ಕಂಡುಕೊಂಡದ್ದೂ ಈ ಸೀಮೆಯ ಬಂಡೆಗಳಲ್ಲಿಯೇ.

ಆದರೆ ಭೂವಿಜ್ಞಾನಿಗಳ ಲೋಕದಲ್ಲಿ ಈ ಊರು ಸಿನಿಮಾಕ್ಕಿಂತ ಬಹಳ ಮೊದಲೇ ಹೆಸರು ಮಾಡಿತ್ತು. ಟಿಪ್ಪುವಿನ ಕಾಲದ ಶಂಸೇರಾಬಾದ್, ಬ್ರಿಟಿಷರ ಕಾಲದಲ್ಲಿ ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿನಿಂದ ಕ್ಲೋಸ್‌ಪೇಟೆಯಾಯಿತು. ಇಲ್ಲಿನ ನಸುಗೆಂಪು ಶಿಲೆಗೆ 'ಕ್ಲೋಸ್‌ಪೇಟ್ ಗ್ರಾನೈಟ್' ಎಂಬ ಹೆಸರು ಅಂಟಿಕೊಂಡಿತು. ಮುಂದೆ ಊರು ರಾಮನಗರವಾಯಿತು. 2025ರ ಮೇ ತಿಂಗಳಲ್ಲಿ ಜಿಲ್ಲೆಯ ಹೆಸರನ್ನೇ 'ಬೆಂಗಳೂರು ದಕ್ಷಿಣ' ಎಂದು ಬದಲಿಸಲು ಸಚಿವ ಸಂಪುಟ ಒಪ್ಪಿಗೆ ನೀಡಿತು. ಇಷ್ಟೆಲ್ಲ ನಾಮಕರಣಗಳ ನಡುವೆ ಜಗತ್ತಿನ ಭೂವಿಜ್ಞಾನ ಗ್ರಂಥಗಳಲ್ಲಿ ಮಾತ್ರ ಈ ಕಲ್ಲು ಇಂದಿಗೂ ಕ್ಲೋಸ್‌ಪೇಟೆಯದೇ.

ಈ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಕನಕಪುರ ಸೀಮೆಯ ಕಬ್ಬಾಳದುರ್ಗದ ಕಡೆಯಿಂದ ಉತ್ತರದಲ್ಲಿ ಹಂಪಿ, ಆನೆಗೊಂದಿಯವರೆಗೂ ನಾನೂರು ಕಿಲೋಮೀಟರ್‌ಗಳಷ್ಟು ಉದ್ದಕ್ಕೆ ರಾಜ್ಯದ ಬೆನ್ನುಮೂಳೆಯಂತೆ ಇದು ಹಬ್ಬಿದೆ. ಅಂದರೆ ರಾಮದೇವರ ಬೆಟ್ಟದ ಬಂಡೆಯೂ ಹಂಪಿಯ ಹೇಮಕೂಟದ ಬಂಡೆಯೂ ಒಂದೇ ಮನೆತನದವು. ಹತ್ತಿರದಿಂದ ನೋಡಿದರೆ ಕಡಲೆ ಮಿಠಾಯಿಯಲ್ಲಿ ಬೀಜಗಳು ಕುಳಿತಂತೆ ಕಲ್ಲಿನೊಳಗೆ ದಪ್ಪ ದಪ್ಪ ಹರಳುಗಳು ಕಾಣುತ್ತವೆ. ಅವು ಫೆಲ್ಡ್‌ಸ್ಪಾರ್ ಹರಳುಗಳು. ಭೂಮಿಯ ಆಳದಲ್ಲಿ ಶಿಲಾರಸ ಅವಸರವಿಲ್ಲದೆ ತಣಿದಾಗ ಮಾತ್ರ ಹರಳುಗಳು ಇಷ್ಟು ದೊಡ್ಡದಾಗಿ ಬೆಳೆಯಲು ಸಾಧ್ಯ. ಇಂದು ಬೆಟ್ಟದ ನೆತ್ತಿಯಾಗಿರುವುದು ಒಂದು ಕಾಲಕ್ಕೆ ನೆಲದಡಿ ಹಲವು ಕಿಲೋಮೀಟರ್ ಆಳದಲ್ಲಿತ್ತು. ಮೇಲಿದ್ದ ನೆಲವೆಲ್ಲ ಸವೆದು ಹೋದ ಮೇಲೆ ಇದು ಹೊರಬಿತ್ತು.

ಒಂದರ ಮೇಲೊಂದು ಜೋಡಿಸಿಟ್ಟಂತೆ ಕಾಣುವ ಗುಂಡುಗಳ ರಹಸ್ಯವೂ ಇಲ್ಲಿಯೇ ಇದೆ. ವಾಲಿ–ಸುಗ್ರೀವರು ಕಾದಾಡುವಾಗ ಎಸೆದ ಬಂಡೆಗಳಿವು ಎಂದು ಆನೆಗೊಂದಿಯ ಜನ ಹೇಳುತ್ತಾರೆ. ಜ್ವಾಲಾಮುಖಿ ಸಿಡಿದು ಬಿದ್ದವು ಎಂದು ಕೆಲವು ಮಾರ್ಗದರ್ಶಿಗಳೂ ಹೇಳುವುದುಂಟು. ಮೊದಲನೆಯದು ಕಥೆ, ಕಥೆಯಾಗಿ ಸೊಗಸಾಗಿದೆ. ಎರಡನೆಯದು ಬರೀ ತಪ್ಪು. ಬಂಡೆಗಳನ್ನು ಯಾರೂ ಎಸೆಯಲಿಲ್ಲ, ಅವು ಎಲ್ಲಿಂದಲೂ ಉರುಳಿ ಬರಲಿಲ್ಲ. ಒಂದೇ ಶಿಲಾರಾಶಿಯಲ್ಲಿ ಅಡ್ಡವಾಗಿಯೂ ಲಂಬವಾಗಿಯೂ ಬಿರುಕುಗಳು ಮೂಡಿದವು. ಬಿರುಕಿಗೆ ಇಳಿದ ನೀರು ಫೆಲ್ಡ್‌ಸ್ಪಾರನ್ನು ಜೇಡಿಯಾಗಿಸಿತು. ಚೌಕದ ಮೂಲೆಗಳಿಗೆ ಮೂರು ಕಡೆಯಿಂದ ನೀರು ತಾಗುವುದರಿಂದ ಅವೇ ಮೊದಲು ಕರಗಿದವು, ಚೌಕ ಗುಂಡಾಯಿತು. ಸುತ್ತಲಿನ ಮಣ್ಣನ್ನು ಮಳೆ ಕೊಚ್ಚಿಕೊಂಡು ಹೋದ ಮೇಲೆ ಗಟ್ಟಿ ತಿರುಳು ಇದ್ದಲ್ಲಿಯೇ ಉಳಿಯಿತು. ಸಾವನದುರ್ಗದಲ್ಲಿ ಬಿರುಕುಗಳು ವಿರಳ. ಆದ್ದರಿಂದಲೇ ಅಲ್ಲಿ ಕರಿಗುಡ್ಡ, ಬಿಳಿಗುಡ್ಡಗಳು ಗುಂಡುಗಳಾಗಿ ಒಡೆಯದೆ, ಈರುಳ್ಳಿಯ ಪದರದಂತೆ ಮೇಲ್ಮೈ ಸುಲಿದುಕೊಳ್ಳುತ್ತ 1,226 ಮೀಟರ್ ಎತ್ತರದ ಬೋಳು ಗುಮ್ಮಟಗಳಾಗಿ ನಿಂತಿವೆ.

ಇದನ್ನು ವಿವರಿಸಲು ಒಬ್ಬ ಒಳ್ಳೆಯ ಮಾರ್ಗದರ್ಶಿಗೆ ಹತ್ತು ನಿಮಿಷ ಸಾಕು. ಸಣ್ಣ ತಂಡದ ಪ್ರಯೋಜನವೂ ಅದೇ. ಹನ್ನೆರಡು ಮಂದಿ ಒಂದೇ ಬಂಡೆಯ ಸುತ್ತ ನಿಂತು ಹರಳನ್ನು ಮುಟ್ಟಿ ನೋಡಬಹುದು, ಬಸ್ಸಿನಲ್ಲಿ ಬಂದ ಐವತ್ತು ಮಂದಿಗೆ ಅದು ಸಾಧ್ಯವಿಲ್ಲ.

ಆಸರೆ ಬೇರೆಯವರದು

ರಾಮದೇವರ ಬೆಟ್ಟ ಇಂದು ಕ್ವಾರಿಯಾಗದೆ ಉಳಿದಿದ್ದರೆ ಅದಕ್ಕೆ ಕಾರಣ ಕಲ್ಲಿನ ಹಿರಿಮೆಯಲ್ಲ. ಬೆಟ್ಟದ ಕಡಿದಾದ ಮೈಯಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ವನ್ಯಧಾಮವೆಂದು ಘೋಷಿಸಲಾಯಿತು. ದನಗಳಿಗೆ ನೀಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವುನಿವಾರಕದ ಅಂಶ ಸತ್ತ ಜಾನುವಾರುಗಳ ಮೂಲಕ ಒಡಲು ಸೇರಿ ದೇಶದಾದ್ಯಂತ ರಣಹದ್ದುಗಳು ನಾಶವಾದವು. 2006ರಲ್ಲಿ ಪಶುವೈದ್ಯಕೀಯ ಬಳಕೆಗೆ ಆ ಔಷಧವನ್ನು ನಿಷೇಧಿಸುವ ಹೊತ್ತಿಗೆ ಬಹುಪಾಲು ಹಕ್ಕಿಗಳು ಹೋಗಿಬಿಟ್ಟಿದ್ದವು. ರಾಮನಗರದಲ್ಲಿ ಉಳಿದವು ಬೆರಳೆಣಿಕೆಯಷ್ಟು. ಆ ಕೆಲವೇ ಹಕ್ಕಿಗಳು ಒಂದು ಬೆಟ್ಟವನ್ನೇ ಕಾದವು ಎಂದರೆ ಅತಿಶಯೋಕ್ತಿಯಲ್ಲ.

ರಾಜ್ಯದ ಬೇರೆಡೆಯೂ ಕಥೆ ಹೆಚ್ಚು ಭಿನ್ನವಲ್ಲ. ದರೋಜಿಯ ಬಂಡೆಗಳಿಗೆ 1994ರ ಕರಡಿಧಾಮ ಆಸರೆಯಾಯಿತು. ಹಂಪಿಯ ಬಂಡೆಗಳಿಗೆ ವಿಜಯನಗರದ ಗುಡಿಗೋಪುರಗಳು, 1986ರ ವಿಶ್ವ ಪರಂಪರೆಯ ಪಟ್ಟ ಆಸರೆಯಾದವು. ಲಾಲ್‌ಬಾಗಿನ ಸುಮಾರು 300 ಕೋಟಿ ವರ್ಷದ ಪೆನಿನ್ಸುಲಾರ್ ನೈಸ್ ಬಂಡೆಗೆ ಹೂದೋಟದ ಆಸರೆ. ಕರಡಿ, ಹದ್ದು, ಗುಡಿ, ಹೂವು ಯಾವುದೂ ಇಲ್ಲದ ಬೆಟ್ಟದ ಗತಿ ಏನಾಗುತ್ತದೆಂದು ತಿಳಿಯಲು ಗ್ರಾನೈಟ್ ಕ್ವಾರಿಗಳು ಕೊರೆದು ಬಿಟ್ಟ ಹೊಂಡಗಳನ್ನು ನೋಡಿದರೆ ಸಾಕು.

ಹಾಗೆಂದು ಕಲ್ಲು ಒಡೆಯುವುದೇ ಪಾಪ ಎನ್ನುವಂತಿಲ್ಲ. ವಿಧಾನಸೌಧದ ಅಲಂಕಾರದ ಕೆಲಸಕ್ಕೆ ಬಳಸಿದ ನಸುಗೆಂಪು ಕಲ್ಲು ಇದೇ ಮಾಗಡಿ ಸೀಮೆಯದು. ಅದನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರೂ ಇದೇ ಸೀಮೆಯವರು. ನಾಡಿಗೆ ಕಲ್ಲು ಬೇಕು, ಒಡೆಯುವವರಿಗೆ ಕೂಲಿ ಬೇಕು. ಯಾವುದನ್ನು ಒಡೆಯಬಹುದು, ಯಾವುದನ್ನು ಮುಟ್ಟಬಾರದು ಎಂದು ಗೆರೆ ಎಳೆಯುವ ಕಾನೂನು ಮಾತ್ರ ಇಲ್ಲ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಗುರುತಿಸಿದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಲಾಲ್‌ಬಾಗ್ ಬಂಡೆ, ಉಡುಪಿಯ ಸೇಂಟ್ ಮೇರೀಸ್ ದ್ವೀಪದ ಕಂಬಶಿಲೆ, ಚಿತ್ರದುರ್ಗ ಬಳಿಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಕೋಲಾರ ಚಿನ್ನದ ಗಣಿ ಪ್ರದೇಶದ ಶಿಲೆಗಳು ಸೇರಿವೆ. ಆದರೆ ಪುರಾತತ್ವ ಸ್ಮಾರಕಗಳಿಗೆ ಇರುವಂತಹ ಕಾಯ್ದೆಯ ಬಲ ಈ ಪಟ್ಟಿಗೆ ಇಲ್ಲ. ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಭೂಪರಂಪರೆ ತಾಣಗಳ ಸಂರಕ್ಷಣೆಗೆ ಕರಡು ಮಸೂದೆಯೊಂದನ್ನು ಸಾರ್ವಜನಿಕರ ಮುಂದಿಟ್ಟಿತು. ಅಧಿಕಾರವೆಲ್ಲ ಕೇಂದ್ರದ ಒಂದೇ ಸಂಸ್ಥೆಯಲ್ಲಿ ಕೇಂದ್ರೀಕೃತವಾಗುತ್ತದೆ ಎಂಬ ಆಕ್ಷೇಪ ಕೇಳಿಬಂತು. ಕರಡು ಕಾಯ್ದೆಯಾಗಲಿಲ್ಲ.

ಕಾಯ್ದೆಯ ಬಲವಿಲ್ಲದ ಫಲಕದ ಬೆಲೆ ಎಷ್ಟೆಂಬುದನ್ನು 2025ರಲ್ಲಿ ಬೆಂಗಳೂರು ಕಂಡಿತು. ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಗೆ ಲಾಲ್‌ಬಾಗಿನ ಜಾಗವೂ ಬೇಕಾಗುತ್ತದೆ ಎಂಬ ಸುದ್ದಿ ಹೊರಬಿದ್ದಾಗ ನಾಗರಿಕರು ಪ್ರತಿಭಟಿಸಿದರು, ವಿಷಯ ಹೈಕೋರ್ಟ್ ಮೆಟ್ಟಿಲೇರಿತು, ಉದ್ಯಾನಕ್ಕೆ ಧಕ್ಕೆಯಾಗದು ಎಂದು ಸರ್ಕಾರ ಭರವಸೆ ನೀಡಬೇಕಾಯಿತು. ಚರ್ಚೆಯಲ್ಲಿ ಮರಗಳ ಮಾತು ಬಂದಷ್ಟು ಬಂಡೆಯ ಮಾತು ಬರಲಿಲ್ಲ.

ಹಕ್ಕಿಯ ಆಸರೆಯೂ ಶಾಶ್ವತವಲ್ಲ. ರಾಮದೇವರ ಬೆಟ್ಟದಲ್ಲಿ ಭವ್ಯ ರಾಮಮಂದಿರ ನಿರ್ಮಿಸುವುದಾಗಿ ಅಂದಿನ ಸರ್ಕಾರ 2023ರ ಫೆಬ್ರವರಿ ಬಜೆಟ್‌ನಲ್ಲಿ ಘೋಷಿಸಿತ್ತು. ಮೇ ತಿಂಗಳಲ್ಲಿ ಸರ್ಕಾರವೇ ಬದಲಾಯಿತು. ಬೆಟ್ಟದ ಮೇಲೆ ಪಟ್ಟಾಭಿರಾಮನ ಹಳೆಯ ಗುಡಿ ಇದೆ, ಭಕ್ತರೂ ತಲೆಮಾರುಗಳಿಂದ ಬರುತ್ತಿದ್ದಾರೆ. ಅವರ ಹಕ್ಕನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ವನ್ಯಧಾಮದ ಗಡಿಯೊಳಗೆ ದೊಡ್ಡ ಕಟ್ಟಡ, ಅದಕ್ಕೆ ಬೇಕಾದ ರಸ್ತೆ, ವಾಹನ ನಿಲುಗಡೆ ಎಂದರೆ ಹಕ್ಕಿಗೂ ಬಂಡೆಗೂ ಏನಾಗುತ್ತದೆ ಎಂಬ ಚರ್ಚೆ ಬಜೆಟ್‌ ಘೋಷಣೆಗೆ ಮುನ್ನ ನಡೆಯಬೇಕಿತ್ತು.

ಹಣ ಬೆಂಗಳೂರಿಗೆ, ಕಸ ಬೆಟ್ಟಕ್ಕೆ

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಪಕ್ಕಕ್ಕೆ ಸರಿಸಿ ಸಾಗಿತು. ಹಾದಿಯಲ್ಲಿ ಇಳಿದು ತಿಂಡಿ ತಿಂದು, ಮಕ್ಕಳಿಗೊಂದು ಮರದ ಬೊಂಬೆ ಕೊಂಡು ಹೋಗುತ್ತಿದ್ದ ಮೈಸೂರಿನ ಪ್ರಯಾಣಿಕ ಈಗ ಈ ಊರುಗಳನ್ನು ನೋಡುವುದೇ ಇಲ್ಲ. ಬೇಕೆಂದೇ ಬರುವವರು ಮಾತ್ರ ರಾಮನಗರಕ್ಕೆ ಬರುತ್ತಾರೆ. ಹೀಗಾಗಿ ಬಂಡೆ ನೋಡಲು ಬರುವ ಹನ್ನೆರಡು ಮಂದಿಯ ತಂಡಕ್ಕೆ ಹಿಂದಿಲ್ಲದ ಮಹತ್ವ ಬಂದಿದೆ.

ಆದರೆ ಈ ಪ್ರವಾಸಗಳ ಲೆಕ್ಕವನ್ನು ಬಿಡಿಸಿ ನೋಡಿದರೆ ಸಮಾಧಾನವಾಗುವುದಿಲ್ಲ. ಬುಕಿಂಗ್ ಆಗುವುದು ಬೆಂಗಳೂರಿನಲ್ಲಿ, ವಾಹನ ಬೆಂಗಳೂರಿನದು, ಮಾರ್ಗದರ್ಶಿಯೂ ಬಹುತೇಕ ಬೆಂಗಳೂರಿನವನೇ. ಊರಿಗೆ ಉಳಿಯುವುದು ಪ್ರವೇಶ ಶುಲ್ಕ, ಎಳನೀರಿನ ಹಣ, ಮತ್ತೆ ಖಾಲಿ ನೀರಿನ ಬಾಟಲಿ. ಏಷ್ಯಾದಲ್ಲೇ ದೊಡ್ಡದೆನಿಸಿದ ರೇಷ್ಮೆಗೂಡಿನ ಮಾರುಕಟ್ಟೆ, ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಎರಡೂ ಇಲ್ಲಿವೆ. ಇವನ್ನು ಸೇರಿಸಿಕೊಂಡು, ತಪ್ಪಲಿನ ಹಳ್ಳಿಯಲ್ಲಿ ಮುದ್ದೆಯೂಟ ಹಾಕಿಸುವ ಕೆಲವು ಸಂಘಟಕರೂ ಇದ್ದಾರೆ. ಅವರ ಸಂಖ್ಯೆ ಹೆಚ್ಚಬೇಕಿದೆ. ಕುರಿ ಮೇಯಿಸುತ್ತ ಬೆಟ್ಟದ ಪ್ರತಿ ಸಂದನ್ನೂ ಬಲ್ಲ ಯುವಕನಿಗೆ ಹರಳು, ಬಿರುಕುಗಳ ಪಾಠವನ್ನು ಒಂದು ವಾರದಲ್ಲಿ ಕಲಿಸಬಹುದು. ನಗರದ ಮಾರ್ಗದರ್ಶಿಗೆ ಬೆಟ್ಟವನ್ನು ಒಂದು ವಾರದಲ್ಲಿ ಕಲಿಸಲಾಗದು.

ಇದು ಕೇವಲ ಆದಾಯದ ಪ್ರಶ್ನೆಯಲ್ಲ, ಸುರಕ್ಷತೆಯದೂ ಹೌದು. 2025ರ ಮಾರ್ಚ್ 6ರ ರಾತ್ರಿ ಗಂಗಾವತಿ ತಾಲ್ಲೂಕಿನ ಸಾಣಾಪುರದ ಬಳಿ, ಕಾಲುವೆಯ ದಂಡೆಯಲ್ಲಿ ನಕ್ಷತ್ರ ನೋಡುತ್ತ ಕುಳಿತಿದ್ದ ಐವರ ಪುಟ್ಟ ತಂಡದ ಮೇಲೆ ದಾಳಿ ನಡೆಯಿತು. ವಿದೇಶಿ ಪ್ರವಾಸಿ ಹಾಗೂ ಹೋಂಸ್ಟೇ ನಡೆಸುತ್ತಿದ್ದ ಮಹಿಳೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕಾಲುವೆಗೆ ತಳ್ಳಲ್ಪಟ್ಟ ಪುರುಷರಲ್ಲಿ ಒಬ್ಬರು ಪ್ರಾಣ ಕಳೆದುಕೊಂಡರು. ಸುಪ್ರೀಂ ಕೋರ್ಟ್ ತೀರ್ಪಿನಂತೆ 2020ರಲ್ಲಿ ವಿರೂಪಾಪುರಗಡ್ಡೆಯ ರೆಸಾರ್ಟ್‌ಗಳನ್ನು ತೆರವುಗೊಳಿಸಿದ ಮೇಲೆ ಪ್ರವಾಸಿಗರ ದೊಡ್ಡ ಪಾಲು ಸಾಣಾಪುರದ ಕಡೆಗೆ ಸರಿದಿತ್ತು. ಅವರ ಹಿಂದೆಯೇ ಬೀದಿದೀಪ, ಪೊಲೀಸ್ ಗಸ್ತು ಬರಬೇಕಿತ್ತು, ಬರಲಿಲ್ಲ. ತಂಡ ಚಿಕ್ಕದಾದಷ್ಟೂ ಅನುಭವ ಆಪ್ತವಾಗುತ್ತದೆ ಎನ್ನುವ ಸಂಘಟಕರು, ತಂಡ ಚಿಕ್ಕದಾದಷ್ಟೂ ಅದು ಒಂಟಿಯಾಗುತ್ತದೆ ಎಂಬುದನ್ನೂ ಗಮನಿಸಬೇಕಾಗುತ್ತದೆ.

ರಾಜ್ಯದ ಕೈಯಲ್ಲಿರುವುದು

2024ರ ಜನವರಿಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಜನ ಕಿಕ್ಕಿರಿದ ದೃಶ್ಯಗಳು ಹರಿದಾಡಿದ ನಂತರ ಅರಣ್ಯ ಇಲಾಖೆ ಎಚ್ಚೆತ್ತು, ಚಾರಣಕ್ಕೆ ಆನ್‌ಲೈನ್ ನೋಂದಣಿ, ದಿನಕ್ಕೆ ಇಂತಿಷ್ಟೇ ಮಂದಿ ಎಂಬ ಮಿತಿ ತಂದಿತು. ಒಳ್ಳೆಯ ಹೆಜ್ಜೆ. ಆದರೆ ಇದು ಅರಣ್ಯದೊಳಗಿನ ಬೆಟ್ಟಗಳಿಗೆ ಮಾತ್ರ. ಕಂದಾಯ ಭೂಮಿಯಲ್ಲಿ, ಗೋಮಾಳದಲ್ಲಿ, ಖಾಸಗಿ ಹೊಲದ ನಡುವೆ ನಿಂತ ಬಂಡೆಗಳಿಗೆ ಮಿತಿಯೂ ಇಲ್ಲ, ಕಾವಲೂ ಇಲ್ಲ.

ದೆಹಲಿಯ ಮಸೂದೆಗಾಗಿ ರಾಜ್ಯ ಕಾಯುತ್ತ ಕೂರಬೇಕಾಗಿಯೂ ಇಲ್ಲ. ಗ್ರಾನೈಟ್ ಉಪಖನಿಜ. ಅದರ ಗುತ್ತಿಗೆಯ ನಿಯಮ ರೂಪಿಸುವ ಅಧಿಕಾರ ರಾಜ್ಯ ಸರ್ಕಾರದ್ದೇ. ಕ್ಲೋಸ್‌ಪೇಟ್ ಗ್ರಾನೈಟ್ ಹಬ್ಬಿರುವ ಜಿಲ್ಲೆಗಳಲ್ಲಿ ವಿಜ್ಞಾನದ ದೃಷ್ಟಿಯಿಂದಲೂ ನೋಟದ ದೃಷ್ಟಿಯಿಂದಲೂ ಉಳಿಸಬೇಕಾದ ಬೆಟ್ಟಗಳ ಪಟ್ಟಿ ಮಾಡಿ, ಅಲ್ಲಿ ಗುತ್ತಿಗೆ ಕೊಡುವುದಿಲ್ಲ ಎಂದು ಗಣಿ ಮತ್ತು ಭೂವಿಜ್ಞಾನ ಇಲಾಖೆ ತೀರ್ಮಾನಿಸಿದರೆ ಅರ್ಧ ಕೆಲಸವಾದಂತೆ. ಇಲಾಖೆಯ ಹೆಸರಿನಲ್ಲಿ ಗಣಿಯ ಜೊತೆಗೆ ಭೂವಿಜ್ಞಾನವೂ ಇದೆಯಷ್ಟೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ 'ಪೆನಿನ್ಸುಲಾರ್ ನೈಸ್' ಎಂಬ ಹೆಸರನ್ನು ಟಂಕಿಸಿದಾಗ ಜಗತ್ತು ಈ ನಾಡಿನ ಕಲ್ಲಿನತ್ತ ತಿರುಗಿ ನೋಡಿತ್ತು.

ಸದ್ಯಕ್ಕೆ ಪ್ರವಾಸ ಸಂಘಟಕರು ತಾವಾಗಿಯೇ ಮಾಡಬಹುದಾದ ಕೆಲಸವೊಂದಿದೆ. ಉದ್ದಕೊಕ್ಕಿನ ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಗೂಡಿನ ಕಾಲ ನವೆಂಬರ್‌ನಿಂದ ಮಾರ್ಚ್‌ವರೆಗೆ. ಚಳಿಗಾಲದ ಹಿತವಾದ ಬಿಸಿಲು, ಸಾಲು ಸಾಲು ರಜೆ ಎಂದು ಬಂಡೆ ಪ್ರವಾಸಗಳು ಅತಿ ಹೆಚ್ಚು ಬರುವುದೂ ಅದೇ ತಿಂಗಳುಗಳಲ್ಲಿ. ಆ ಐದು ತಿಂಗಳು ರಾಮದೇವರ ಬೆಟ್ಟವನ್ನು ಬಿಟ್ಟು ಸಾವನದುರ್ಗದಿಂದಲೇ ದಿನ ಆರಂಭಿಸಿದರೆ ಪ್ರವಾಸಿಗನಿಗೆ ನಷ್ಟವಾಗುವುದಿಲ್ಲ. ಕಲ್ಲು ಒಂದೇ, ಹರಳೂ ಅದೇ.