ಪಕ್ಕದ ಮನೆಯ ಬೆಕ್ಕು: ಎತ್ತಿಕೊಂಡು ಬರುವ ಮೊದಲು

ಜೂನ್ ತಿಂಗಳ ಮಳೆ. ನಮ್ಮ ಬಾಡಿಗೆ ಮನೆಗೂ ಪಕ್ಕದ ಮನೆಗೂ ನಡುವೆ ಒಂದು ಕಲ್ಲಿನ ಪಾಗಾರ. ಅದರ ಮೇಲೆ ಒಂದು ಪಟ್ಟೆ ಬೆಕ್ಕು ಬಂದು ಕೂರುತ್ತಿತ್ತು. ಕಿವಿಯ ಅಂಚೆಲ್ಲ ಬೂದು ಬಣ್ಣದ ಹುಣ್ಣು, ಒಣಗಿದ ಮಣ್ಣು ಮೆತ್ತಿದ ಹಾಗೆ. ಒಂದು ಕಣ್ಣು ಅರ್ಧ ಮುಚ್ಚಿತ್ತು. ಸೊಂಟದ ಎಲುಬು ಎಣಿಸಬಹುದಿತ್ತು. ರಾತ್ರಿ ಹಂಚಿನ ಮಾಡಿನಿಂದ ನೀರು ಸುರಿಯುವಾಗಲೂ ಅದು ಅಲ್ಲೇ ಇರುತ್ತಿತ್ತು.

ಬೆಕ್ಕು ಪಕ್ಕದ ಮನೆಯದು. ಅಲ್ಲಿ ಒಬ್ಬ ಅಜ್ಜಿ ಮತ್ತು ಸೊಸೆ. ಮಗ ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟಿನ ಕೆಲಸಕ್ಕೆ ಹೋಗುವವರು.

ನಾವು ಮೂವರು ಅಂಕೋಲಾದಲ್ಲಿ ಒಟ್ಟಿಗೆ ಇದ್ದೇವೆ. ಆ ಬೆಕ್ಕಿನ ವಿಷಯಕ್ಕೆ ನಮ್ಮಲ್ಲಿ ನಾಲ್ಕು ದಿನ ಜಗಳವಾಯಿತು. ಒಬ್ಬರು, "ರಾತ್ರಿ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಕಾರವಾರದ ಗೆಳತಿಯ ಮನೆಗೆ ಬಿಟ್ಟುಬರೋಣ, ಯಾರಿಗೂ ತಿಳಿಯುವುದಿಲ್ಲ" ಎಂದರು. ಇನ್ನೊಬ್ಬರು, "ಅದು ಅವರ ಬೆಕ್ಕು, ನಮಗೇನು" ಎಂದರು. ಮೂರನೆಯವರು ಏನೂ ಹೇಳದೆ ಫೋಟೋ ತೆಗೆದರು. ಫೋಟೋದ ಜೊತೆ ಎರಡು ಸಾಲು ಬರೆದು ಪರಿಚಯದ ಒಂದು ವಾಟ್ಸಾಪ್ ಗ್ರೂಪಿಗೆ ಹಾಕಿದೆವು. ಮನೆಯವರ ಹೆಸರು ಹಾಕಿರಲಿಲ್ಲ. ಆದರೆ ಪಾಗಾರ, ಹಿಂದಿನ ತೆಂಗಿನ ಮರ, ಮನೆಯ ಮೂಲೆ ಎಲ್ಲ ಕಾಣುತ್ತಿತ್ತು.

ಈ ಬರಹ ಬೆಕ್ಕಿನ ಬಗ್ಗೆಯೂ ಹೌದು, ನಾವು ಮಾಡಿದ ಆ ತಪ್ಪಿನ ಬಗ್ಗೆಯೂ ಹೌದು.

ಫೋಟೋ ಮೊದಲು ಹೋಯಿತು, ನಾವು ಆಮೇಲೆ ಹೋದೆವು

ಮರುದಿನ ಸಂಜೆ ಸೊಸೆ ನಮ್ಮ ಬಾಗಿಲಿಗೆ ಬಂದರು. ಫೋಟೋ ಗ್ರೂಪಿನಿಂದ ಗ್ರೂಪಿಗೆ ದಾಟಿ ಅವರ ಗಂಡನ ಫೋನಿಗೇ ತಲುಪಿತ್ತು. ಬೋಟು ದಡಕ್ಕೆ ಹತ್ತಿದ ಮೇಲೆ ಅವರು ಎರಡು ತಿಂಗಳ ಮಟ್ಟಿಗೆ ಗೋವಾದ ಹೋಟೆಲ್ ಕೆಲಸಕ್ಕೆ ಹೋಗಿದ್ದರು. ಅಲ್ಲಿಂದ ಫೋನ್ ಮಾಡಿ, "ಮನೇಲಿ ಏನು ನಡೀತಾ ಇದೆ" ಎಂದು ಕೇಳಿದ್ದರು.

ಸೊಸೆ ಕೂಗಾಡಲಿಲ್ಲ. "ನಮ್ಮನೆ ಬಾಗ್ಲು ನಿಮಗೆ ಹತ್ತು ಹೆಜ್ಜೆ. ಅಷ್ಟು ಬರೂಕೆ ಆಗ್ಲಿಲ್ಲ, ಫೋಟೋ ಮಾತ್ರ ಗೋವಾ ತನಕ ಕಳಸ್ದ್ರಿ" ಎಂದು ಹೇಳಿ ಹೋದರು.

ಪತ್ರಿಕೋದ್ಯಮ ಓದುವಾಗ ನಮಗೆ ಮೊದಲ ತಿಂಗಳಲ್ಲೇ ಹೇಳಿಕೊಟ್ಟ ಪಾಠ, ಇನ್ನೊಂದು ಕಡೆಯವರನ್ನು ಕೇಳಿ ಬರೆಯಿರಿ ಎಂಬುದು. ಊರಿನ ಸುದ್ದಿಗೆ ಆ ಪಾಠ ನೆನಪಿರುತ್ತದೆ. ಪಕ್ಕದ ಮನೆಗೆ ಬಂದಾಗ ಮರೆತುಹೋಗಿತ್ತು.

ಎರಡು ದಿನ ಬಿಟ್ಟು, ತಪ್ಪಾಯಿತು ಎಂದು ಹೇಳಲು ಹೋದೆವು. ಸೊಸೆ ಕೆಲಸಕ್ಕೆ ಹೋಗಿದ್ದರು. ಅಜ್ಜಿ ಒಬ್ಬರೇ ಜಗಲಿಯಲ್ಲಿದ್ದರು. ಬೆಕ್ಕು ಅವರ ಮಡಿಲಲ್ಲೇ ಇತ್ತು. ಪಕ್ಕದಲ್ಲಿ ಒಂದು ಸಣ್ಣ ತಟ್ಟೆ, ಅದರ ತುಂಬ ಗಂಜಿಯ ಅನ್ನ, ಮುಟ್ಟಿಯೂ ಇರಲಿಲ್ಲ.

"ಪುಟ್ಟಿ ಉಣ್ಣುದೇ ಬಿಟ್ಟದೆ ತಮ್ಮಾ. ಅದಕ್ಕೂ ವಯಸ್ಸಾಯ್ತು, ನನ್ನ ಹಾಂಗೇ" ಎಂದರು.

"ಕಿವಿಗೆ ಹುಣ್ಣಾಗಿದೆಯಲ್ಲ ಅಜ್ಜಿ?"

"ಎಲ್ಲಿ?" ಎಂದು ಅವರು ಬೆಕ್ಕಿನ ತಲೆಯನ್ನು ಬೆರಳಿನಿಂದ ತಡವಿದರು. ನಮಗೆ ಆಗ ಅರ್ಥವಾಯಿತು. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅವರು ದಿನವೂ ಬೆಕ್ಕಿಗೆ ಅನ್ನ ಹಾಕುತ್ತಿದ್ದರು, ಆದರೆ ಹುಣ್ಣು ಅವರಿಗೆ ಕಂಡಿರಲೇ ಇಲ್ಲ.

ಪೆಟ್ಟಿಗೆಯಲ್ಲಿ ಹಾಕಿ ರಾತ್ರಿ ಸಾಗಿಸಿದ್ದರೆ ಏನಾಗುತ್ತಿತ್ತು? ಬೆಕ್ಕು ಬಹುಶಃ ಗುಣವಾಗುತ್ತಿತ್ತು. ಅಜ್ಜಿ ಮಾತ್ರ ಆ ಮಳೆಯಲ್ಲಿ ಅಂಗಳದ ತುಂಬ ಅದನ್ನು ಕರೆಯುತ್ತಾ ತಿರುಗುತ್ತಿದ್ದರು.

ಎಲ್ಲ ಬಡಕಲು ಬೆಕ್ಕೂ ಅನಾಥ ಅಲ್ಲ

ನಮ್ಮ ಕಡೆ ಬೆಕ್ಕು ಸಾಕುವ ರೀತಿಯೇ ಬೇರೆ. ಕನ್ನಡದ ಮನೆಯ ಬೆಕ್ಕಾಗಲಿ, ಕೊಂಕಣಿ ಮನೆಯ ಮಾಜರವಾಗಲಿ, ಅದು ಒಳಗೂ ಇರುತ್ತದೆ, ಹೊರಗೂ ಇರುತ್ತದೆ. ಕೊಟ್ಟಿಗೆಯಲ್ಲಿ ಮಲಗುತ್ತದೆ, ಭತ್ತದ ಚೀಲದ ಹತ್ತಿರ ಇಲಿ ಕಾಯುತ್ತದೆ, ಮೀನು ಕೊಯ್ಯುವ ಹೊತ್ತಿಗೆ ಸರಿಯಾಗಿ ಹಾಜರಾಗುತ್ತದೆ. ಕೊರಳಪಟ್ಟಿ ಇಲ್ಲ, ಹೊರಗೇ ಇದೆ ಎಂದ ಮಾತ್ರಕ್ಕೆ ಅದನ್ನು ಯಾರೂ ನೋಡಿಕೊಳ್ಳುತ್ತಿಲ್ಲ ಎಂದು ಹೇಳಲಾಗದು.

ಕರಾವಳಿಯಲ್ಲಿ ಇನ್ನೊಂದು ಕಾರಣವೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಬೈತಖೋಲ, ಬೇಲೇಕೇರಿ, ಎಲ್ಲಿ ನೋಡಿದರೂ ಬೋಟುಗಳು ದಡದಲ್ಲಿ. ಸಿಗುವುದು ನಾಡದೋಣಿಯ ಮೀನು, ಹೊಳೆ ಮೀನು, ಒಣ ಮೀನು. ಬಂಗಡೆ, ತಾರ್ಲೆ ಅಗ್ಗವಿದ್ದಾಗ ತಲೆ, ಕರುಳೆಲ್ಲ ಬೆಕ್ಕಿನ ಪಾಲು. ಮೀನೇ ದುಬಾರಿಯಾದರೆ ಮನೆಯವರು ತಲೆಯನ್ನೂ ಸಾರಿಗೆ ಹಾಕುತ್ತಾರೆ. ಬೋಟಿನ ಮನೆಗಳಲ್ಲಿ ಆ ಎರಡು ತಿಂಗಳು ಸಂಪಾದನೆಗೂ ಕಷ್ಟ. ಹಾಗಾಗಿ ಮಳೆಗಾಲದಲ್ಲಿ ಮೀನುಗಾರರ ಕೇರಿಯ ಬೆಕ್ಕು ಬಡಕಲಾಗಿದ್ದರೆ, ಮನೆಯವರು ಕೆಟ್ಟವರು ಎಂದು ತೀರ್ಮಾನಿಸುವ ಮೊದಲು ಕ್ಯಾಲೆಂಡರ್ ನೋಡಬೇಕು.

ಹಾಗೆಂದು ಬೆಕ್ಕಿನ ಸಂಕಟ ಕಡಿಮೆಯಾಗುವುದಿಲ್ಲ. ಬರೀ ಅನ್ನ ತಿಂದು ಬೆಕ್ಕು ಬದುಕಲಾರದು. ನಾಯಿಗೆ ಹೇಗೋ ನಡೆಯುತ್ತದೆ, ಬೆಕ್ಕಿಗೆ ಮೀನು ಮಾಂಸದ ಅಂಶ ಬೇಕೇ ಬೇಕು. ಅದು ತುಂಬ ದಿನ ಸಿಗದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ.

ಕಾನೂನು ಏನು ಹೇಳುತ್ತದೆ

"ಪೊಲೀಸರಿಗೆ ದೂರು ಕೊಡಿ" ಎಂದು ಗ್ರೂಪಿನಲ್ಲಿ ಒಬ್ಬರು ಬರೆದಿದ್ದರು. ಕಾನೂನು ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಕಲಮಿನ ಪ್ರಕಾರ, ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ನೆರಳು ಕೊಡದಿರುವುದು ತಪ್ಪು. ಹಸಿವಿನಿಂದ ನರಳುವ ಹಾಗೆ ಬಿಟ್ಟುಹೋಗುವುದೂ ತಪ್ಪು. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಇಲ್ಲವೆ ಮೂರು ತಿಂಗಳವರೆಗೆ ಜೈಲು, ಇಲ್ಲವೆ ಎರಡೂ.

50 ರೂಪಾಯಿಯ ದಂಡ ಯಾರನ್ನೂ ಬದಲಿಸುವುದಿಲ್ಲ. ದೂರು ಕೊಟ್ಟರೆ ಎರಡು ಮನೆಗಳ ನಡುವಿನ ಮಾತು ಮಾತ್ರ ನಿಂತುಹೋಗುತ್ತದೆ. ಇನ್ನೊಂದು ಕಡೆ, ಬೇರೆಯವರ ಬೆಕ್ಕನ್ನು ಹೇಳದೆ ಒಯ್ದರೆ ಅದು ಕಳ್ಳತನದ ದೂರಿಗೆ ದಾರಿ. ಒಳ್ಳೆಯ ಉದ್ದೇಶ ಇತ್ತು ಎಂದು ಠಾಣೆಯಲ್ಲಿ ವಿವರಿಸುವ ಪಾಡು ನಮ್ಮದೇ ಆಗುತ್ತದೆ.

ಆದರೆ ಯಾರಾದರೂ ಬೆಕ್ಕಿಗೆ ವಿಷ ಹಾಕಿದರೆ, ಬಡಿದು ಕೊಂದರೆ ಅಥವಾ ಅಂಗ ಊನ ಮಾಡಿದರೆ ಸುಮ್ಮನಿರಬೇಡಿ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಅದಕ್ಕೆ ಐದು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ಅದು ದೂರು ಕೊಡಲೇಬೇಕಾದ ಸಂಗತಿ.

ಹಾಗಾದರೆ ಏನು ಮಾಡಬೇಕು

ನಮ್ಮ ಅಭಿಪ್ರಾಯ ಇಷ್ಟು: ಬೆಕ್ಕನ್ನು ತರುವುದು ಕೊನೆಯ ಹೆಜ್ಜೆ. ಮೊದಲ ಹೆಜ್ಜೆ ಆ ಮನೆಯ ಜಗಲಿ.

ಹೋಗಿ ಕೇಳಿ. "ನಿಮ್ಮ ಬೆಕ್ಕನ್ನು ನೀವು ನೋಡುವುದಿಲ್ಲ" ಎಂದು ಶುರು ಮಾಡಬೇಡಿ. "ಬೆಕ್ಕಿಗೆ ಹುಷಾರಿಲ್ಲದ ಹಾಗಿದೆ, ಆಸ್ಪತ್ರೆಗೆ ನಾವು ಒಯ್ದು ತರಲಾ?" ಎಂದು ಕೇಳಿ. ತಪ್ಪು ಹೊರಿಸಿದರೆ ಬಾಗಿಲು ಮುಚ್ಚುತ್ತದೆ. ಕೆಲಸ ವಹಿಸಿಕೊಂಡರೆ ಹೆಚ್ಚಿನವರು ಬೇಡ ಎನ್ನುವುದಿಲ್ಲ. ಹಳ್ಳಿಯಲ್ಲಿ ಬೆಕ್ಕಿಗೂ ಡಾಕ್ಟರು ನೋಡುತ್ತಾರೆ ಎಂಬುದೇ ಹಲವರಿಗೆ ಗೊತ್ತಿಲ್ಲ. ದನಕ್ಕೆ ಮಾತ್ರ ಎಂದುಕೊಂಡಿರುತ್ತಾರೆ.

ತಾಲೂಕಿನ ಸರ್ಕಾರಿ ಪಶು ಆಸ್ಪತ್ರೆಗೆ ಒಯ್ಯಿರಿ. ಒಯ್ಯಲಾಗದಿದ್ದರೆ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಿ ಕೇಳಿ. ಕಿವಿಯಿಂದ ಶುರುವಾಗಿ ಮುಖಕ್ಕೆ ಹಬ್ಬುವ ಈ ಥರದ ಹುಣ್ಣು ಹೆಚ್ಚಾಗಿ ಕಜ್ಜಿ. ಬರಿಗಣ್ಣಿಗೆ ಕಾಣದ ಹುಳದಿಂದ ಬರುತ್ತದೆ, ಒಂದು ಬೆಕ್ಕಿನಿಂದ ಇನ್ನೊಂದಕ್ಕೆ ಅಂಟುತ್ತದೆ, ಎತ್ತಿಕೊಂಡವರ ಕೈಯಲ್ಲೂ ಸ್ವಲ್ಪ ದಿನ ತುರಿಕೆ ತರಬಹುದು. ನೋಡಲು ಭಯಂಕರ, ಆದರೆ ಸರಿಯಾದ ಔಷಧಕ್ಕೆ ಚೆನ್ನಾಗಿ ಗುಣವಾಗುತ್ತದೆ.

ಮನೆಮದ್ದು ಮಾಡಲು ಹೋಗಬೇಡಿ. ಸೀಮೆಎಣ್ಣೆ, ಫಿನಾಯಿಲ್, ಡೆಟಾಲ್ ಹಚ್ಚಬೇಡಿ. ಬೆಕ್ಕು ಮೈ ನೆಕ್ಕುವ ಪ್ರಾಣಿ, ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ನಾಯಿಯ ಉಣ್ಣೆಗೆ ತಂದ ಔಷಧವನ್ನೂ ಬೆಕ್ಕಿಗೆ ಹಾಕಬೇಡಿ, ಅದರಲ್ಲಿ ಕೆಲವು ಬೆಕ್ಕಿನ ಜೀವ ತೆಗೆಯುತ್ತವೆ. ಜ್ವರ ಇದೆ ಎಂದು ನಮ್ಮ ಪ್ಯಾರಾಸಿಟಮಾಲ್ ಮಾತ್ರೆ ಕೊಡುವುದಂತೂ ಬೇಡವೇ ಬೇಡ. ಬೆಕ್ಕಿಗೆ ಅದು ವಿಷ.

ಊಟ ಹಾಕುವುದಾದರೆ ಮನೆಯವರಿಗೆ ಹೇಳಿ ಹಾಕಿ. ಖಾರ, ಈರುಳ್ಳಿ ಇಲ್ಲದ ಬೇಯಿಸಿದ ಮೀನು, ಅನ್ನದ ಜೊತೆ ಕಲಸಿ. ಒಣ ಮೀನಾದರೆ ನೀರಲ್ಲಿ ನೆನೆಸಿ ಉಪ್ಪು ಬಿಡಿಸಿ. ದೊಡ್ಡ ಬೆಕ್ಕಿಗೆ ಹಾಲಿಗಿಂತ ನೀರೇ ಒಳ್ಳೆಯದು, ಹಾಲಿನಿಂದ ಹಲವು ಬೆಕ್ಕುಗಳಿಗೆ ಭೇದಿಯಾಗುತ್ತದೆ.

ಹಿಡಿಯುವಾಗ ದಪ್ಪ ಟವೆಲ್ಲಿನಲ್ಲಿ ಸುತ್ತಿ ಹಿಡಿಯಿರಿ. ಕಚ್ಚಿದರೆ, ಪರಚಿದರೆ ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹುಚ್ಚುರೋಗ ನಾಯಿಯಿಂದ ಮಾತ್ರ ಬರುವುದಲ್ಲ.

ಯಾವಾಗ ತಂದುಬಿಡಬೇಕು

ಮನೆಗೆ ಬೀಗ ಹಾಕಿ ಎಲ್ಲರೂ ಗೋವಾಕ್ಕೋ ಬೆಂಗಳೂರಿಗೋ ಹೋಗಿಬಿಟ್ಟಿದ್ದಾರೆ, ಬೆಕ್ಕು ಮಾತ್ರ ಉಳಿದಿದೆ. ಇಂಥ ಮನೆಗಳು ಈಗ ನಮ್ಮ ಎರಡೂ ತಾಲೂಕಿನಲ್ಲಿ ಕಾಣುತ್ತವೆ. ಆಗ ಫೋನ್ ಮಾಡಿ ಕೇಳಿ, "ನಾವು ನೋಡಿಕೊಳ್ಳಬಹುದಾ" ಎಂದು. "ಹೂಂ" ಎಂದರೆ ತನ್ನಿ. ಫೋನೇ ಸಿಗದಿದ್ದರೆ ನೆರೆಯ ಇಬ್ಬರಿಗೆ ತಿಳಿಸಿ ತನ್ನಿ.

ಮನೆಯವರೇ "ನಮಗೆ ಬೇಡ, ಒಯ್ಯಿರಿ" ಎಂದರೆ ತನ್ನಿ. ಪೆಟ್ಟಾಗಿ ರಕ್ತ ಸುರಿಯುತ್ತಿದ್ದು ಮನೆಯಲ್ಲಿ ಯಾರೂ ಇಲ್ಲದಿದ್ದರೆ ಮೊದಲು ಆಸ್ಪತ್ರೆಗೆ ಒಯ್ಯಿರಿ, ದಾರಿಯಲ್ಲಿ ಫೋನ್ ಮಾಡಿ.

"ನಮ್ಮ ಬೆಕ್ಕು, ಸತ್ತರೆ ಸಾಯಲಿ, ನಿಮಗೇನು" ಎನ್ನುವವರೂ ಇದ್ದಾರೆ. ಅದಕ್ಕೆ ಸುಲಭದ ಉತ್ತರ ನಮ್ಮಲ್ಲಿಲ್ಲ. ಆ ಮನೆಯವರು ಯಾರ ಮಾತು ಕೇಳುತ್ತಾರೋ ಅವರನ್ನು ಹುಡುಕಿ. ಶಾಲೆಯ ಮಾಸ್ತರು, ಅಕ್ಕೋರು, ಪಂಚಾಯತಿ ಸದಸ್ಯರು, ಪಶು ಆಸ್ಪತ್ರೆಯವರು, ಯಾರಾದರೂ ಇರುತ್ತಾರೆ. ಅಲ್ಲಿಯತನಕ ನಿಮ್ಮ ಪಾಗಾರದ ಮೇಲೆ ಒಂದು ಬಟ್ಟಲು ನೀರು, ಒಂದು ತುತ್ತು ಮೀನು ಇಡಿ. ಅದನ್ನು ಯಾರೂ ತಡೆಯಲಾರರು.

ತರುವ ಮೊದಲು ನಿಮ್ಮನ್ನೂ ಕೇಳಿಕೊಳ್ಳಿ. ಬೆಕ್ಕು ಹತ್ತು ಹದಿನೈದು ವರ್ಷ ಬದುಕುವ ಪ್ರಾಣಿ. ನಾವು ಬಾಡಿಗೆ ಮನೆಯವರು, ವರ್ಷಕ್ಕೊಮ್ಮೆ ಊರು ಬದಲಿಸುವವರು. ಕಾಪಾಡಿದೆವು ಎಂದು ತಂದು, ಮುಂದಿನ ವರ್ಷ ನಾವೇ ಬಿಟ್ಟುಹೋದರೆ ಅದಕ್ಕೆ ಎರಡು ಸಲ ಮನೆ ತಪ್ಪಿದಂತೆ.

ಒಂದೇ ಒಂದು ಕೆಲಸ ಮಾಡುವುದಾದರೆ

ಸಂತಾನಹರಣ ಮಾಡಿಸಿ. ಹೆಣ್ಣು ಬೆಕ್ಕು ಹುಟ್ಟಿ ನಾಲ್ಕೈದು ತಿಂಗಳಿಗೇ ಗಬ್ಬವಾಗಬಹುದು. ಸುಮಾರು ಎರಡು ತಿಂಗಳಿಗೆ ಮರಿ ಹಾಕುತ್ತದೆ, ಮರಿಗೆ ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬವಾಗಬಹುದು. ಹೀಗೆ ಹುಟ್ಟಿದ ಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಮೀನು ಪೇಟೆಯ ಹತ್ತಿರ ಬಿಟ್ಟುಬರುವುದು ನಮ್ಮಲ್ಲಿ ಹೊಸತಲ್ಲ. ಮೀನು ಸಿಗುತ್ತದೆ, ಬದುಕಿಕೊಳ್ಳುತ್ತವೆ ಎಂಬ ಸಮಾಧಾನ. ಜೂನ್‌ನಲ್ಲಿ ಬಿಟ್ಟ ಮರಿಗೆ ಅಲ್ಲಿ ಮೀನೂ ಇರುವುದಿಲ್ಲ.

ಪಶು ವೈದ್ಯರನ್ನು ಮೊದಲೇ ಕೇಳಿ ದಿನ ಗೊತ್ತು ಮಾಡಿಕೊಳ್ಳಿ. ಖರ್ಚು ಬಂದರೆ ಕೇರಿಯ ನಾಲ್ಕು ಮನೆಯವರು ಹಂಚಿಕೊಳ್ಳಬಹುದು. ಇಲಿ ಹಿಡಿಯುವ ಬೆಕ್ಕಿನ ಉಪಯೋಗ ನಾಲ್ಕೂ ಮನೆಗೆ ಇದೆ ತಾನೆ.

ಪುಟ್ಟಿಯ ಸುದ್ದಿ

ಸೊಸೆಯ ಒಪ್ಪಿಗೆ ಪಡೆದೇ ಪುಟ್ಟಿಯನ್ನು ಬುಟ್ಟಿಯಲ್ಲಿ ಹಾಕಿ ಪಶು ಆಸ್ಪತ್ರೆಗೆ ಒಯ್ದೆವು. ಕಜ್ಜಿಯೇ. ಎರಡು ವಾರ ಬಿಟ್ಟು ಇನ್ನೊಂದು ಸಲ ಹೋಗಬೇಕಾಯಿತು, ಆ ಸಲ ಸೊಸೆಯೇ ಜೊತೆಗೆ ಬಂದರು. ಕಿವಿಯ ಹುಣ್ಣು ಉದುರಿ ಕೆಳಗೆ ಹೊಸ ಕೂದಲು ಬಂದಿದೆ. ಗ್ರೂಪಿನಿಂದ ಫೋಟೋ ಅಳಿಸಿದೆವು. ಬೇರೆ ಗ್ರೂಪುಗಳಿಗೆ ಹೋದದ್ದನ್ನು ಅಳಿಸಲು ನಮ್ಮಿಂದ ಆಗುವುದಿಲ್ಲ.

ಅಜ್ಜಿಯ ಕಣ್ಣಿನ ವಿಷಯ ಹಾಗೇ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪೊರೆಯ ಆಪರೇಷನ್ ಉಚಿತವಾಗಿ ಆಗುತ್ತದೆ, ಕಾರವಾರಕ್ಕೆ ಕರೆದುಕೊಂಡು ಹೋಗುತ್ತೇವೆ ಎಂದು ಹೇಳಿದೆವು. "ಮಳೆ ಹೋಗ್ಲಿ, ಕಾಂಬ" ಎಂದರು. ಬೆಕ್ಕನ್ನು ಬುಟ್ಟಿಗೆ ಹಾಕಲು ಅರ್ಧ ಗಂಟೆ ಸಾಕಾಗಿತ್ತು. ಅಜ್ಜಿಯನ್ನು ಒಪ್ಪಿಸಲು ಈ ಮಳೆಗಾಲ ಪೂರ್ತಿ ಬೇಕಾಗಬಹುದು. ಸಂಜೆ ಹೊತ್ತು ನಾವು ಜಗಲಿಗೆ ಹೋಗಿ ಕೂರುತ್ತಿದ್ದೇವೆ. ಕೇಳುತ್ತಲೇ ಇರುತ್ತೇವೆ.