ತಂದೆಯ ಉದ್ಯೋಗ: ಕೂಲಿ

ಹಾಸ್ಟೆಲಿನ ಅರ್ಜಿಯಲ್ಲಿ ಒಂದು ಕಲಮು ಇರುತ್ತೆ: ತಂದೆಯ ಉದ್ಯೋಗ. ಅದರ ಮುಂದೆ ನಮ್ಮ ಹುಡುಗರು ಯೋಚನೆಯನ್ನೇ ಮಾಡದೆ 'ಕೂಲಿ' ಅಂತ ಬರೀತಾರೆ. ಅಪ್ಪ ತೋಟದಲ್ಲಿ ಮರಗಸಿ ಮಾಡೋನಾದರೂ ಕೂಲಿ, ಗಾರೆ ಕೆಲಸದವನಾದರೂ ಕೂಲಿ, ರಸ್ತೆ ಬದಿ ತಗಡಿನ ಶೆಡ್ಡು ಹಾಕಿಕೊಂಡು ಜೀಪು ರಿಪೇರಿ ಮಾಡೋ ಮೆಕ್ಯಾನಿಕ್ಕಾದರೂ ಕೂಲಿ. ಗೆಳೆಯರೆ, ಈ ಕೊನೆಯವನ ವಿಷಯದಲ್ಲಿ ನನ್ನದೊಂದು ತಕರಾರಿದೆ.

ಅವನ ಹೆಸರು ಬೇಡ. ಒಬ್ಬನೇ ಆಗಿದ್ದರೆ ಹೆಸರು ಬೇಕಿತ್ತು. ಮೂಡಿಗೆರೆ, ಗೋಣಿಬೀಡು, ಬಣಕಲ್, ಕೊಟ್ಟಿಗೆಹಾರ, ಬಾಳೂರು, ಕಳಸ, ಬಸ್ಸು ನಿಲ್ಲೋ ಕಡೆಯೆಲ್ಲ ಇಂಥವನೊಬ್ಬ ಸಿಗುತ್ತಾನೆ. ಹುಟ್ಟಿದ್ದು ಎಸ್ಟೇಟಿನ ಲೈನ್ ಮನೆಯಲ್ಲಿ, ಇಲ್ಲವೆ ಕಾಲನಿಯಲ್ಲಿ. ಏಳನೇ ಕ್ಲಾಸಿಗೋ ಎಂಟಕ್ಕೋ ಸ್ಕೂಲು ಬಿಟ್ಟು ಸ್ಪ್ಯಾನರ್ ಎತ್ತಿಕೊಡೋ ಹುಡುಗನಾಗಿ ಗ್ಯಾರೇಜು ಸೇರಿದ. ಕೆಲಸ ಕಲಿಯೋನಿಗೂ ಭತ್ಯೆ ಕೊಡಬೇಕು ಅನ್ನುತ್ತೆ 1961ರ ಅಪ್ರೆಂಟಿಸ್ ಕಾಯ್ದೆ. ಈ ತಗಡಿನ ಶೆಡ್ಡಿಗೆ ಆ ಕಾಯ್ದೆ ದಾರಿ ತಪ್ಪಿಯೂ ಬರಲಿಲ್ಲ. ಇವನಿಗೆ ಸಿಕ್ಕ ಭತ್ಯೆ ಮಧ್ಯಾಹ್ನದ ಊಟ, ಎರಡು ಟೀ, ತಲೆಗೆ ಮೊಟಕು.

ಹಾಗೆ ಕಲಿತ ವಿದ್ಯೆ ಎಂಥದ್ದು ನೋಡಿ. ಕಾಫಿ ಹಣ್ಣನ್ನ ಕುಯ್ದ ದಿನವೇ ಪಲ್ಪರಿಗೆ ಹಾಕಬೇಕು, ತಡವಾದರೆ ಹುಳಿತು ಕೆಡುತ್ತೆ. ಪಲ್ಪರಿನ ಸಂದು ಕೂದಲೆಳೆಯಷ್ಟು ಬಿಗಿಯಾದರೆ ಬೀಜ ಕತ್ತರಿಸಿ ಹೋಗುತ್ತೆ, ಸಡಿಲವಾದರೆ ಹಣ್ಣು ಹಣ್ಣಾಗೇ ಆಚೆ ಬೀಳುತ್ತೆ. ಆ ಕೂದಲೆಳೆ ಅವನ ಬೆರಳಿಗೆ ಗೊತ್ತು. ರೋಬಸ್ಟಾ ಗಿಡಕ್ಕೆ ಫೆಬ್ರವರಿ-ಮಾರ್ಚಿನಲ್ಲಿ ಹೂಮಳೆ ಬೇಕು. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರೇ ಗತಿ. ಆ ವಾರ ಡೀಸೆಲ್ ಪಂಪು ಕೆಟ್ಟು ಕೂತರೆ ವರ್ಷದ ಫಸಲೇ ಹೋಯ್ತು. ರಾತ್ರಿ ಹನ್ನೊಂದಕ್ಕೆ ಫೋನು ಬರುತ್ತೆ: "ಬೇಗ ಬಾರೋ ಮಾರಾಯ." ಬೈಕಿನ ಹಿಂದೆ ಸಾಮಾನಿನ ಚೀಲ ಕಟ್ಟಿಕೊಂಡು ಹೋಗ್ತಾನೆ. ಹಳ್ಳಕ್ಕೆ ಸೊಂಟದ ಮಟ ಇಳಿದು, ಫುಟ್‌ವಾಲ್ವಿಗೆ ಸಿಕ್ಕಿದ ಎಲೆಕಸ ಕಿತ್ತು, ಪೈಪಿನೊಳಗಿನ ಗಾಳಿ ಕಳೆದು ನೀರು ಎತ್ತಿಸುತ್ತಾನೆ. ಬೇರಿಂಗ್ ಹೋಗಿದೆಯೋ ನಾಜಲ್ ಕಟ್ಟಿದೆಯೋ, ಇಂಜಿನ್ನಿನ ಸದ್ದಲ್ಲೇ ಹೇಳ್ತಾನೆ. ಕವಿಗೋಷ್ಠಿಗಳಲ್ಲಿ ನಾವು ಲಯ ಲಯ ಅಂತ ಬಡ್ಕೋತೀವಲ್ಲ, ಲಯ ಗೊತ್ತಿರೋನು ಅವನು.

ಮೂಡಿಗೆರೆಯಲ್ಲೇ ಬದುಕಿ 2007ರಲ್ಲಿ ತೀರಿಕೊಂಡ ತೇಜಸ್ವಿಯವರ 'ಕರ್ವಾಲೊ' ನಾವೆಲ್ಲ ಓದಿದ್ದೀವಿ. ಜೇನು ಹಿಡಿಯೋ ಮಂದಣ್ಣನ ತಿಳುವಳಿಕೆಗೆ ವಿಜ್ಞಾನಿ ಕೊಟ್ಟ ಬೆಲೆಯನ್ನ ಮೆಚ್ಚಿಕೊಂಡು ಪುಟಗಟ್ಟಲೆ ಉತ್ತರ ಬರೀತೀವಿ. ಅದೇ ಮೂಡಿಗೆರೆಯ ಮೆಕ್ಯಾನಿಕ್ಕಿನ ತಿಳುವಳಿಕೆಗೆ ನಮ್ಮ ಹತ್ತಿರ ಇರೋದು ಎರಡೇ ಅಕ್ಷರ.

ಇನ್ನು ದುಡ್ಡಿನ ಮಾತು. ಪಂಪು ನೀರು ಎತ್ತಿತು. ಸಾವ್ಕಾರ್ರು ಏನಂತಾರೆ? "ಬರಕೊಂಡಿರು, ಕಾಫಿ ಮಾರಿದ ಮೇಲೆ ಒಟ್ಟಿಗೆ ನೋಡೋಣ." ಎಲ್ಲರೂ ಹಾಗಲ್ಲ ನಿಜ, ಕೈಮೇಲೆ ಕೊಡೋರೂ ಇದ್ದಾರೆ. ಆದರೆ ಅವನ ಎಣ್ಣೆ ಹತ್ತಿದ ನೋಟುಬುಕ್ಕು ತಿರುವಿ ನೋಡಿ, ಹೊಡೆದುಹಾಕದ ಸಾಲುಗಳೇ ಜಾಸ್ತಿ. ಹಿಂದೆ ಊರುಗಳಲ್ಲಿ ಆಯ ಅಂತ ಇತ್ತು. ಬಡಗಿ, ಕಮ್ಮಾರ, ಅಗಸ, ಕ್ಷೌರಿಕ, ತಳವಾರ, ತೋಟಿ ವರ್ಷವೆಲ್ಲ ದುಡಿದು, ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು, ಕೊಟ್ಟಷ್ಟು ಕಾಳು ಕಟ್ಟಿಕೊಂಡು ಹೋಗೋದು. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿ ಬಿಟ್ಟ ಅಮೆರಿಕದ ಜೀಪುಗಳು ಈ ಮಲೆ ಹತ್ತಿದವು. ಗಾಡಿ ಹೊಸದು, ಕಸುಬು ಹೊಸದು, ಕೊಡೋ ಕೈ ಮಾತ್ರ ಆಯದ ಕೈ. 2024-25ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಆಗಲೂ ಆ ನೋಟುಬುಕ್ಕಿನ ಎಷ್ಟು ಸಾಲು ಹೊಡೆದುಹಾಕಿದರು ಅಂತ ಅವನನ್ನೇ ಕೇಳಿ.

ಮನೆಯಲ್ಲಿ ಹೆಂಡತಿ ಹಣ್ಣು ಕುಯ್ಯೋಕೆ ತೋಟಕ್ಕೆ ಹೋಗ್ತಾಳೆ. ಅವಳ ಬಟವಾಡೆ ವಾರಕ್ಕೊಮ್ಮೆ, ಕುಶಲ ಕೆಲಸಗಾರನಾದ ಗಂಡನದು ವರ್ಷಕ್ಕೊಮ್ಮೆ! ಸಂಘದ ಸಾಲದ ಕಂತು, ಅಕ್ಕಿ, ಹಾಸ್ಟೆಲಿನ ಮಗಳಿಗೆ ಕಳಿಸೋ ಇನ್ನೂರು ಮುನ್ನೂರು, ಎಲ್ಲ ಅವಳ ಬಟವಾಡೆಯಿಂದ. ಅವಳ ಕೂಲಿ ಹಿಂದಾದರೂ 1951ರ ತೋಟ ಕಾರ್ಮಿಕರ ಕಾಯ್ದೆಯ ನೆನಪಿತ್ತು, ಯೂನಿಯನ್ನಿನ ಕೂಗಿತ್ತು. ಇವನ ಹಿಂದೆ ಯಾರಿದ್ದಾರೆ?

'ಗ್ಯಾರೇಜಿನಲ್ಲಿ ಜಾತಿ ಎಲ್ಲಿದೆಯಪ್ಪ' ಅನ್ನೋರು ಇದ್ದಾರೆ. ಅರ್ಧ ನಿಜ. ಚಾರ್ಮಾಡಿ ಘಾಟಿಯ ಮಳೆಯಲ್ಲಿ ಗಾಡಿ ನಿಂತರೆ, ಬಾನೆಟ್ಟಿನೊಳಗೆ ಹೋದ ಕೈ ಯಾವ ಜಾತಿಯದು ಅಂತ ಯಾರೂ ಕೇಳಲ್ಲ. ಮಾರನೇ ದಿನ ಅದೇ ಮನೆಗೆ ಪಂಪು ನೋಡೋಕೆ ಹೋದರೆ ಕಾಫಿ ಮಾತ್ರ ಅಂಗಳಕ್ಕೇ ಬರುತ್ತೆ. ಜಾತಿ ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೇ ಮೇಲು ಕೀಳಾಗಿ ಒಡೆದಿಡುತ್ತೆ ಅಂತ ಬಾಬಾಸಾಹೇಬರು 1936ರಲ್ಲೇ ತೋರಿಸಿದ್ದರು. ಇವನು ಜಾತಿ ಕೊಡದ ಕಸುಬನ್ನ ತಾನೇ ಕೈಚಾಚಿ ಹಿಡಿದವನು. ನಾವು ಭಾಷಣದಲ್ಲಿ ಮಾಡೋ ಬಂಡಾಯವನ್ನ ಮಾತಿಲ್ಲದೆ ಮಾಡಿದವನು.

ಈಗ ಆ ಕಸುಬಿಗೂ ಸಂಚಕಾರ ಬಂದಿದೆ. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಜಾರಿಯಾಯ್ತು. ಬೈಕುಗಳಲ್ಲಿ ಕಾರ್ಬರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು, ಸೆನ್ಸರುಗಳು ಬಂದವು. ಕಿವಿಗೆ ಕೇಳದ ರೋಗಗಳಿವು, ಸ್ಕ್ಯಾನರ್ ಬೇಕು. ಹೊಸ ಗಾಡಿಗಳು ಪೇಟೆಯ ಕಂಪನಿ ಸರ್ವಿಸಿಗೆ ಹೋಗುತ್ತವೆ. ಅಲ್ಲಿ ಕೌಂಟರಿನಲ್ಲಿ ದುಡ್ಡು ಇಟ್ಟ ಮೇಲೇ ಕೀಲಿಕೈ ಕೊಡೋದು. ಅಲ್ಲಿ ಯಾವ ಸಾವ್ಕಾರ್ರೂ 'ಕಾಫಿ ಮಾರಿದ ಮೇಲೆ' ಅನ್ನಲ್ಲ.

ರಜೆಗೆ ಊರಿಗೆ ಹೋಗೋರು ಒಂದು ಕೆಲಸ ಮಾಡಿ. ಮೂಡಿಗೆರೆ ಪೇಟೆಯಲ್ಲಿ ಕಾರ್ಬನ್ ಹಾಳೆ ಇರೋ ಬಿಲ್ ಪುಸ್ತಕ ಸಿಗುತ್ತೆ. ಒಂದು ಕೊಂಡು ಅಪ್ಪನಿಗೋ ಚಿಕ್ಕಪ್ಪನಿಗೋ ಕೊಡಿ. ಸಾಮಾನಿನ ದುಡ್ಡು ಬೇರೆ, ಕೈಕೆಲಸದ ದುಡ್ಡು ಬೇರೆ ಬರೆದು, ಕೆಲಸ ಮುಗಿದ ಗಳಿಗೆಯಲ್ಲೇ ಹರಿದು ಕೊಡೋಕೆ ಹೇಳಿ. ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಹಮಾಲಿ, ಟೈಲರುಗಳ ಜೊತೆ ಮೆಕ್ಯಾನಿಕ್ಕನ್ನೂ ಸೇರಿಸಿದ್ದಾರೆ. ಕಾರ್ಡು ಮಾಡಿಸಿದ್ದಾನಾ ವಿಚಾರಿಸಿ, ಇಲ್ಲದಿದ್ದರೆ ಜೊತೆಗೆ ಹೋಗಿ ಫಾರಂ ತುಂಬಿ. ಅದರಲ್ಲೂ ಉದ್ಯೋಗದ ಕಲಮು ಇದೆ.