ಚಿತ್ರದ ಕೆಳಗೆ ಒಂದು ಸಾಲು

ಕಳೆದ ತಿಂಗಳು ಒಂದು ಮದುವೆಗೆ ಹೋಗಿದ್ದೆ. ವಧುವಿನ ದುಪಟ್ಟಾದ ಅಂಚಿನಲ್ಲಿ ಬಳ್ಳಿ, ಎಲೆ, ಮೊಗ್ಗುಗಳ ಎಂಬ್ರಾಯ್ಡರಿ. ಹೆಂಗಸರೆಲ್ಲ ಅದನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದರು. ಒಂದು ಕಾಲದಲ್ಲಿ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ನೋಟ್ಸಿನ ಅಂಚಿಗೆ ಹೂ ಬಿಡಿಸಿ ಬೈಸಿಕೊಳ್ಳುತ್ತಿದ್ದ ಹುಡುಗಿಯೇ ಅದನ್ನು ಮಾಡಿದವಳೆಂದು ತಿಳಿದು ಬಹಳ ಸಂತೋಷವಾಯಿತು. ಈಗ ಆಕೆ ಎರಡು ಮಕ್ಕಳ ತಾಯಿ. ಮನೆಯಲ್ಲೇ ಕಂಪ್ಯೂಟರ್ ಎಂಬ್ರಾಯ್ಡರಿ ಯಂತ್ರ ಇಟ್ಟುಕೊಂಡು ದುಡಿಯುತ್ತಾಳೆ.

ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ್ದ ಅದೇ ದುಪಟ್ಟಾದ ಚಿತ್ರವನ್ನು ಆಕೆ ಮೊಬೈಲಿನಲ್ಲಿ ತೋರಿಸಿದಳು. ಕೆಳಗೆ ಹೊಗಳಿಕೆಯೋ ಹೊಗಳಿಕೆ. ನಡುವೆ ಒಬ್ಬ ಮಹಿಳೆ, "ಈ ಡಿಸೈನ್ ಯಾವ ಸಾಫ್ಟ್‌ವೇರಿನಲ್ಲಿ ಮಾಡಿದಿರಿ?" ಎಂದು ಕೇಳಿದ್ದರು. ಅದಕ್ಕೆ ಉತ್ತರ ಇರಲಿಲ್ಲ.

"ಯಾಕಮ್ಮಾ ಹೇಳಲಿಲ್ಲ?" ಎಂದೆ.

"ಇಂಕ್‌ಸ್ಟಿಚ್ ಅಂತ ಟೀಚರ್. ದುಡ್ಡು ಕೊಡಬೇಕಾಗಿಲ್ಲ. ಅದನ್ನು ಹೇಳಿದರೆ ನಾಳೆ ಪಕ್ಕದ ಬೀದಿಯವರೂ ಶುರು ಮಾಡುತ್ತಾರೆ. ನನ್ನ ಗಿರಾಕಿಗಳು ಹೋದರೆ?"

ಆ ಭಯ ಸುಳ್ಳಲ್ಲ. ಅವಳ ಮನೆಯ ಬಾಡಿಗೆ ಆ ಯಂತ್ರದ ದುಡಿಮೆಯಿಂದಲೇ ಸಂದಾಯವಾಗುತ್ತದೆ. ಆದರೂ ಕೇಳಿದೆ: "ನಿನಗೆ ಯಾರು ಹೇಳಿದ್ದು?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಯಾರೋ ಗುರುತಿಲ್ಲದ ಹೆಂಗಸು ಟೀಚರ್. ತಾನು ಹೊಲಿದ ಹೂವಿನ ಚಿತ್ರ ಹಾಕಿ, ಕೆಳಗೆ ಇದರ ಹೆಸರು ಬರೆದಿದ್ದರು."

ಇಂಕ್‌ಸ್ಟಿಚ್ ಎಂಬುದು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರಿಗೆ ಸೇರಿಸಿಕೊಳ್ಳುವ ಒಂದು ಭಾಗ. ನಾವು ಬಿಡಿಸಿದ ಗೆರೆ, ಆಕಾರಗಳನ್ನು ಅದು ಹೊಲಿಗೆಗಳಾಗಿ ಬದಲಿಸಿ ಯಂತ್ರಕ್ಕೆ ಬೇಕಾದ ಫೈಲ್ ಮಾಡಿಕೊಡುತ್ತದೆ. ದಾರ ಹೇಗೆ ಓಡುತ್ತದೆಂದು ಹೊಲಿಯುವ ಮೊದಲೇ ಪರದೆಯಲ್ಲಿ ನೋಡಬಹುದು. ಇವೆರಡೂ ಮುಕ್ತ ತಂತ್ರಾಂಶಗಳು. ಯಾರು ಬೇಕಾದರೂ ಬಳಸಬಹುದು, ಬಲ್ಲವರು ಅದರ ಒಳಗನ್ನು ನೋಡಿ ತಿದ್ದಬಹುದು, ಇತರರಿಗೆ ಹಂಚಬಹುದು. ಇಂಕ್‌ಸ್ಕೇಪ್ ಆರಂಭವಾದದ್ದು 2003ರಲ್ಲಿ. ಅದರ 1.0 ಆವೃತ್ತಿ ಬಂದದ್ದು 2020ರಲ್ಲಿ. ಇಷ್ಟು ವರ್ಷ ಅದನ್ನು ಬೆಳೆಸಿದವರಲ್ಲಿ ಹೆಚ್ಚಿನವರು ಬಿಡುವಿನ ವೇಳೆಯನ್ನು ಕೊಟ್ಟ ಸ್ವಯಂಸೇವಕರು.

ಇಂಥವರಿಗೆ ಜಾಹೀರಾತಿಗೆ ಹಣ ಎಲ್ಲಿಂದ ಬರಬೇಕು? ಬಳಸಿದವರ ಚಿತ್ರಗಳೇ ಅವರ ಜಾಹೀರಾತು. ಇಂಕ್‌ಸ್ಕೇಪಿನವರು ಹೊಸ ಆವೃತ್ತಿಗೆ ಮೊದಲು ಚಿತ್ರ ಸ್ಪರ್ಧೆ ಏರ್ಪಡಿಸಿ, ಗೆದ್ದ ಚಿತ್ರವನ್ನು ಆ ಆವೃತ್ತಿಯ ಪರಿಚಯ ಪರದೆಯಲ್ಲಿ ಹಾಕುತ್ತಾರೆ. ಫ್ರಾನ್ಸಿನ ಚಿತ್ರಕಾರ ಡೇವಿಡ್ ರೆವಾಯ್ 2014ರಲ್ಲಿ 'ಪೆಪ್ಪರ್ ಅಂಡ್ ಕ್ಯಾರೆಟ್' ಎಂಬ ಚಿತ್ರಕಥೆ ಆರಂಭಿಸಿದರು. ಅದನ್ನು ಕ್ರಿಟಾ ಎಂಬ ಮುಕ್ತ ತಂತ್ರಾಂಶದಲ್ಲಿ ಬಿಡಿಸಿ, ಎಲ್ಲರಿಗೂ ಉಚಿತವಾಗಿ ಕೊಟ್ಟು, ಯಾವುದರಲ್ಲಿ ಬಿಡಿಸಿದ್ದೆಂದೂ ಹೇಳಿದರು. ಚಿತ್ರ ಮೆಚ್ಚಿದವರಿಗೆ ಕ್ರಿಟಾದ ಪರಿಚಯವೂ ಆಯಿತು.

ಸಹೋದರಿಯರೇ, ನೀವೂ ಇಂಥ ತಂತ್ರಾಂಶ ಬಳಸುವುದಾದರೆ ಕೆಲವು ಮಾತು ನೆನಪಿಡಿ. ಚಿತ್ರದ ಕೆಳಗಿನ ಮೊದಲ ಸಾಲಿನಲ್ಲೇ ತಂತ್ರಾಂಶದ ಹೆಸರನ್ನು ಸರಿಯಾದ ಅಕ್ಷರಗಳಲ್ಲಿ ಬರೆಯಿರಿ. ಇನ್‌ಸ್ಟಾಗ್ರಾಮಿನಲ್ಲಿ ಚಿತ್ರದ ಕೆಳಗೆ ಬರೆದ ಕೊಂಡಿಯನ್ನು ಒತ್ತಿದರೆ ಅದು ತೆರೆಯುವುದಿಲ್ಲ. ಆದ್ದರಿಂದ ಕೊಂಡಿಯನ್ನು ನಿಮ್ಮ ಪರಿಚಯದ ಜಾಗದಲ್ಲಿ ಹಾಕಿ. ಪಿಂಟರೆಸ್ಟಿನಲ್ಲಾದರೆ ಚಿತ್ರದ ಜೊತೆಗೇ ಕೊಂಡಿ ಸೇರಿಸಬಹುದು. ಮುಗಿದ ಬಟ್ಟೆಯ ಪಕ್ಕದಲ್ಲಿ ಪರದೆಯ ಮೇಲಿನ ಡಿಸೈನನ್ನೂ ತೋರಿಸಿ. ಆಗಲೇ ನೋಡಿದವರಿಗೆ 'ಇದು ನನ್ನಿಂದಲೂ ಆಗುತ್ತದೆ' ಎನಿಸುವುದು. ಎಲ್ಲಿ ದಾರ ಸಿಕ್ಕಾಯಿತು, ಎಲ್ಲಿ ಬಟ್ಟೆ ಮುದುಡಿತು ಎಂಬುದನ್ನೂ ಮುಚ್ಚಿಡಬೇಡಿ. ಸುಳ್ಳು ಹೊಗಳಿಕೆ ನಂಬಿ ಬಂದವರು ಎರಡೇ ದಿನದಲ್ಲಿ ಬಿಟ್ಟು ಹೋಗುತ್ತಾರೆ. ಬೇರೆಯವರ ಡಿಸೈನಾದರೆ ಅವರ ಅನುಮತಿ, ಗಿರಾಕಿಯ ಬಟ್ಟೆಯಾದರೆ ಆಕೆಯ ಒಪ್ಪಿಗೆ ಬೇಕೇ ಬೇಕು. ಕೆಲಸ ತೋರಿಸಲು ವಧುವಿನ ಮುಖ ತೋರಿಸಬೇಕಾಗಿಲ್ಲ.

ಇನ್ನು ಗಿರಾಕಿಗಳ ಮಾತು. ಸಾಫ್ಟ್‌ವೇರ್ ಎಲ್ಲರಿಗೂ ಸಿಗುತ್ತದೆ. ಆದರೆ ಬಣ್ಣ ಹೊಂದಿಸುವ ಕಣ್ಣು, ಹೇಳಿದ ದಿನಕ್ಕೆ ಬಟ್ಟೆ ಕೊಡುವ ಮಾತು ಡೌನ್‌ಲೋಡ್ ಆಗುವುದಿಲ್ಲ. ಒಬ್ಬಿಬ್ಬರು ಗಿರಾಕಿಗಳು ಹೋಗಲೂಬಹುದು, ಇಲ್ಲವೆನ್ನಲಾರೆ. ಆದರೆ ಆ ಗುರುತಿಲ್ಲದ ಹೆಂಗಸೂ ಹೀಗೆಯೇ ಲೆಕ್ಕ ಹಾಕಿದ್ದರೆ ಇವಳ ಮನೆಗೆ ಈ ದುಡಿಮೆ ಎಲ್ಲಿಂದ ಬರುತ್ತಿತ್ತು? ಬೆಲೆ ತೆಗೆದುಕೊಳ್ಳದೆ ಕೊಟ್ಟವರಿಗೆ ನಾವು ಕೊಡಬಹುದಾದದ್ದು ಅವರ ಹೆಸರು ಹೇಳುವ ಒಂದು ಸಾಲು. ಅದನ್ನೂ ಉಳಿಸಿಕೊಳ್ಳುವುದು ನ್ಯಾಯವೇ?

ಇದನ್ನೇ ಅವಳಿಗೂ ಹೇಳಿದೆ. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಎರಡು ದಿನ ಕಳೆದು ನನ್ನ ಮೊಬೈಲಿಗೆ ಒಂದು ಚಿತ್ರ ಬಂತು. ಆ ಮಹಿಳೆಯ ಪ್ರಶ್ನೆಯ ಕೆಳಗೆ ಅವಳ ಉತ್ತರ: "ಇಂಕ್‌ಸ್ಟಿಚ್. ಕಲಿಯಲು ನನಗೆ ಎರಡು ತಿಂಗಳು ಹಿಡಿಯಿತು. ತಿಳಿಯದಿದ್ದರೆ ಕೇಳಿ."